ಕಾರಿನ ಬಾಗಿಲಿಗೆ ಕಿವಿ ಹಚ್ಚುವ ಮನುಷ್ಯ

ಅವನು ಬಂದಾಗ ನನಗೆ ಐವತ್ತೊಂದು. ಅದಾಗಿ ಇಪ್ಪತ್ತಾರು ವರ್ಷವಾಯಿತು.

ಮೊನ್ನೆ ಹುಬ್ಬಳ್ಳಿಯ ಬೆಂಗೇರಿ ಸಂತೆಯಲ್ಲಿ ಉಳ್ಳಾಗಡ್ಡಿ ಆರಿಸುತ್ತ ಕುಳಿತಿದ್ದೆ. ಹಿಂದೆ ನಮ್ಮಲ್ಲಿ ಉಣ್ಣುತ್ತಿದ್ದ ಟ್ಯಾಕ್ಸಿ ಡ್ರೈವರ್ ಒಬ್ಬ ಬಂದು ಎದುರಿಗೆ ನಿಂತ.

"ಅವ್ವಾ, ಸುದ್ದಿ ಗೊತ್ತಾತೇನು? ಸ್ಪೀಕರ್ ಕಾಕಾ ತೀರಕೊಂಡನಂತ."

"ಯಾರು ನೋಡ್ಯಾರ?"

"ಅಯ್ಯ! ಸತ್ತಾನಂದ್ರೂ ನಂಬಂಗಿಲ್ಲಲ್ಲಬೇ ನೀ."

"ಇದ್ದಾಗ ನಂಬಿಲ್ಲ. ಸತ್ತನಂತ ಈಗ ನಂಬಬೇಕೇನು?"

"ನಂಬಿಲ್ಲಂತೀ, ಮತ್ತ ಅಷ್ಟು ವರ್ಷ ಗಿಡದ ಬುಡಕ ಯಾಕ ಇಟ್ಟಕೊಂಡಿದ್ದಿ?"

"ಕಣ್ಣ ಮುಂದ ಇರಲಿ ಅಂತ," ಅಂದೆ. ಉಳ್ಳಾಗಡ್ಡಿ ತೂಗಿಸಿಕೊಂಡು ಮನೆಗೆ ಬಂದೆ.

ಸುಳ್ಳು ಹೇಳಲಿಲ್ಲ. ಅದೇ ಕಾರಣಕ್ಕೇ ಇಟ್ಟುಕೊಂಡಿದ್ದೆ.

ಬೆಂಗೇರಿಯ ದೊಡ್ಡ ರಸ್ತೆಗೆ ನನ್ನದೊಂದು ಖಾನಾವಳಿ. ಗಂಡ ಹೋದ ಮೇಲೆ ಹಾಕಿದ್ದು. ತಾರಿಹಾಳದ ಕಾರ್ಖಾನೆಗಳಿಗೆ ಹೋಗುವವರು, ಟ್ಯಾಕ್ಸಿಯವರು, ಲಾರಿಯವರು ರೊಟ್ಟಿ ಉಣ್ಣಲಿಕ್ಕೆ ಬರುತ್ತಿದ್ದರು. ಬಗಲಿಗೆ ನಮ್ಮದೇ ಒಂದಿಷ್ಟು ಜಾಗ ಖಾಲಿ ಇತ್ತು, ನಡುವೆ ಬೇವಿನ ಗಿಡ. ಒಂದು ಮಧ್ಯಾಹ್ನ, ಮುಂದೆ ಸ್ಪೀಕರ್ ಕಾಕಾ ಅನ್ನಿಸಿಕೊಂಡ ಈ ಮನುಷ್ಯ ಉಂಡು ಕೈ ತೊಳೆದವನು ಆ ಗಿಡದ ಕೆಳಗೆ ಹೋಗಿ ನಿಂತ. ಮೇಲೆ ನೋಡಿದ, ಕೆಳಗೆ ನೋಡಿದ, ನನ್ನ ಅಡುಗೆಮನೆಯ ಕಿಟಕಿಯನ್ನೂ ನೋಡಿದ. ಆಮೇಲೆ ಒಳಗೆ ಬಂದ.

"ಅಕ್ಕಾರ, ಈ ಗಿಡದ ನೆರಳಿಗೆ ಕುಂತು ಕೆಲಸಾ ಮಾಡ್ಲೇನ್ರಿ?"

"ಎಂಥಾ ಕೆಲಸಾ?"

"ಕಾರಿನ ಬಾಗಲದಾಗ ಸ್ಪೀಕರ್ ಕೂಡಸತೇನ್ರಿ. ಸಣ್ಣಾವು. ಹಾಡಾ ಕೇಳಾಕ."

"ಬಾಗಲಾ ಇರೂದು ತಗ್ಯಾಕ, ಹಾಕಾಕ. ಅದರ ಕೈಲೆ ಹಾಡಾ ಯಾಕ ಹಾಡಸ್ತಿ?"

ನಕ್ಕ. ನಕ್ಕರೂ ಹಲ್ಲು ಕಾಣಿಸುತ್ತಿರಲಿಲ್ಲ. ಹಲ್ಲು ಕಾಣಿಸದಂತೆ ನಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

"ಊರು ಯಾವುದಪಾ?"

"ಈಗ ಇದ ಊರ್ರಿ."

"ಮೊದಲ?"

"ಮೊದಲ ಬ್ಯಾರೆ ಇತ್ರಿ."

ಇಷ್ಟೇ. ಆಮೇಲೆ ಎಷ್ಟು ಸಲ ಕೇಳಿದರೂ ಇದಕ್ಕಿಂತ ಹೆಚ್ಚು ಬಾಯಿಂದ ಬರಲಿಲ್ಲ. ಆದರೂ ಕೂಡಲಿಕ್ಕೆ ಹೇಳಿದೆ. ಖಾಲಿ ಜಾಗದಲ್ಲಿ ರಾತ್ರಿ ಕುಡಿಯುವವರು ಬಂದು ಕೂಡುತ್ತಿದ್ದರು. ಹಗಲಿಗೆ ಒಬ್ಬ ಮನುಷ್ಯ ಅಲ್ಲಿದ್ದರೆ ಆ ಜಾಗಕ್ಕೆ ಮಾಲಕರಿದ್ದಾರೆ ಅಂತ ಜನಕ್ಕೆ ಗೊತ್ತಾಗುತ್ತದೆ, ಅದಕ್ಕೆ.

ತೆಳ್ಳನೆಯ ಆಳು. ಕೈ ಮಾತ್ರ ಉದ್ದ, ಮೊಣಕಾಲು ಮುಟ್ಟುತ್ತವೇನೋ ಅನ್ನುವಷ್ಟು. ಬೂದಿ ಬಣ್ಣದ ಅಂಗಿ. ಅಂಗಿಗೆ ಕಿಸೆ ಇರಲಿಲ್ಲ. ಇದ್ದ ಕಿಸೆಯನ್ನು ಬಿಚ್ಚಿ ತೆಗೆದಿದ್ದ, ಹೊಲಿಗೆಯ ಗುರುತು ಚೌಕವಾಗಿ ಉಳಿದಿತ್ತು. ಇನ್ನೊಂದು ಅಂಗಿಗೂ ಹಾಗೇ. ಪಾಯಜಾಮಕ್ಕೂ ಇಲ್ಲ. ಬೀಡಿ ಕಿವಿಯ ಮೇಲೆ, ಕಡ್ಡಿಪೆಟ್ಟಿಗೆ ಗಿಡದ ಪೊಟರೆಯಲ್ಲಿ. ಕಿಸೆ ಇಲ್ಲದ ಗಂಡಸನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಇದರಲ್ಲಿ ಏನೋ ಇದೆ ಅಂದುಕೊಂಡೆ.

ಕೆಲಸ ಮಾಡುವ ರೀತಿಯೂ ಹಾಗೇ. ಆಗಿನ ಅಂಬಾಸಿಡರ್ ಕಾರುಗಳಲ್ಲಿ ಕ್ಯಾಸೆಟ್ ಹಾಕುವ ಯಂತ್ರ ಕೂಡಿಸಿಕೊಂಡರೂ ಬಾಗಿಲಲ್ಲಿ ಸ್ಪೀಕರಿಗೆ ಜಾಗ ಇರುತ್ತಿರಲಿಲ್ಲ. ಇವನು ಬಾಗಿಲ ಒಳಮೈಯ ರೆಗ್ಜಿನ್ ಹೊದಿಸಿದ ರಟ್ಟು ಬಿಚ್ಚಿ, ಬಟ್ಟಲಿನಷ್ಟು ದುಂಡಗೆ ಕೊರೆದು, ಅಲ್ಲಿ ಸ್ಪೀಕರ್ ಕೂಡಿಸಿ, ಮೇಲೆ ಕರಿಯ ಜಾಳಿಗೆ ಹಾಕಿ, ತಂತಿಯನ್ನು ಬಾಗಿಲ ಸಂದಿಯಿಂದ ಒಳಗೆ ಎಳೆಯುತ್ತಿದ್ದ. ಕಾರು ಬಂದ ಕೂಡಲೆ ಕೈ ಹಚ್ಚುತ್ತಿರಲಿಲ್ಲ. ಮೊದಲು ಬಾಗಿಲಿಗೆ ಕಿವಿ ಹಚ್ಚಿ ಬೆರಳಿನಿಂದ ತಟ್ಟುತ್ತಿದ್ದ, ಗಡಿಗೆ ಕೊಳ್ಳುವವರು ತಟ್ಟಿ ನೋಡುವ ಹಾಗೆ. ನಾನು ಕಿಟಕಿಯಿಂದ ನೋಡಿ ಅಂದುಕೊಳ್ಳುತ್ತಿದ್ದೆ: ಒಳಗೆ ಏನಿದೆ ಅಂತ ಕೇಳಿಸಿಕೊಳ್ಳುತ್ತಿದ್ದಾನೆ ಕಳ್ಳ.

ಒಳಗೆ ಇರುವುದು ಖರೆ. ಕಾರಿನ ಬಾಗಿಲು ಪೊಳ್ಳು ಅಂತ ನನಗೆ ಗೊತ್ತಾದದ್ದೇ ಇವನಿಂದ. ಗ್ಲಾಸು ಇಳಿಯುವ ಸಂದಿಯ ರಬ್ಬರು ಹರಿದಿದ್ದರೆ ಕೈಯಲ್ಲಿದ್ದದ್ದು ಅದರೊಳಗೆ ಬೀಳುತ್ತದೆ. ಚಿಲ್ಲರೆ, ಹೇರ್‌ಪಿನ್ನು, ಬೀಗದ ಕೈ, ಮಕ್ಕಳ ಕಾಲ ಗೆಜ್ಜೆಯ ಗುಂಡು. ಬಿದ್ದದ್ದು ಬಾಗಿಲು ಬಿಚ್ಚುವ ತನಕ ಅಲ್ಲೇ.

ಅದಕ್ಕೆ ಇವನದೊಂದು ಕಟ್ಟುನಿಟ್ಟು ಇತ್ತು. ಮಾಲಕರು ಎದುರಿಗೆ ಇಲ್ಲದೆ ಬಾಗಿಲು ಬಿಚ್ಚುತ್ತಿರಲಿಲ್ಲ. "ಬಿಟ್ಟು ಹೊಕ್ಕೇನಿ, ಸಂಜೀಕ ಬರತೇನಿ" ಅಂದರೆ, "ಹಂಗಾದ್ರ ಸಂಜೀಕ ಬಿಚ್ಚತೇನ್ರಿ" ಅನ್ನುತ್ತಿದ್ದ. ತೋಳು ಮೇಲೇರಿಸಿ, ಎರಡೂ ಅಂಗೈ ತೋರಿಸಿ, ಆಮೇಲೆ ಬಾಗಿಲೊಳಗೆ ಕೈ ಹಾಕುತ್ತಿದ್ದ. ಸಿಕ್ಕದ್ದನ್ನು ಒಂದು ಕೆಂಪು ಅರಿವೆಯ ಮೇಲೆ ಹರವುತ್ತಿದ್ದ. ಒಂದೊಂದನ್ನೇ ಬೆರಳು ಮಾಡಿ "ನಿಮ್ಮದೇನ್ರಿ?" ಅಂತ ಕೇಳುತ್ತಿದ್ದ. ನಮ್ಮದು ಅಂದರೆ ಕೊಡುತ್ತಿದ್ದ. ಹಳೆಯ ಕಾರು ಕೊಂಡವರು ನಮ್ಮದಲ್ಲ ಅಂದರೆ, ಮೊದಲಿನ ಮಾಲಕರು ಬಂದು ಕೇಳಲಿ ಅಂತ ಒಂದು ತಗಡಿನ ಡಬ್ಬಿಯಲ್ಲಿ ಹಾಕಿ ಗಿಡಕ್ಕೆ ತೂಗುಬಿಡುತ್ತಿದ್ದ.

ಊರವರು "ಎಷ್ಟು ನಿಯತ್ತಿನ ಮನುಷ್ಯಾ" ಅನ್ನುತ್ತಿದ್ದರು. ನಾನು ಅನ್ನಲಿಲ್ಲ. ಜಾದೂ ಮಾಡುವವರೂ ಹೀಗೇ ತೋಳು ಏರಿಸಿ ಅಂಗೈ ತೋರಿಸುತ್ತಾರೆ. ಮತ್ತೆ ಆ ಡಬ್ಬಿ ಗಿಡದ ಆಚೆ ಮಗ್ಗುಲಿಗೆ ಇತ್ತು, ನನ್ನ ಕಿಟಕಿಯಿಂದ ಅದರ ತಳ ಅಷ್ಟೇ ಕಾಣುತ್ತಿತ್ತು. ಎಲ್ಲರಿಗೂ ಕಾಣಲಿ ಅನ್ನುವವನು ನನಗೆ ಯಾಕೆ ಮರೆಮಾಡಬೇಕು?

ಒಮ್ಮೆ ರೊಟ್ಟಿ ನೀಡುತ್ತ ನೇರವಾಗಿ ಕೇಳಿದೆ. "ಇಷ್ಟು ನಾಟಕಾ ಯಾಕ ಮಾಡ್ತಿ? ಎಲ್ಲರ ಸಿಕ್ಕೊಂಡು ಬಿದ್ದಿದ್ದೇನು?"

"ಒಮ್ಮಿ ಹೊಡಿಸಿಕೊಂಡೇನ್ರಿ," ಅಂದ. ಪಲ್ಯ ಕಲೆಸುವುದನ್ನು ನಿಲ್ಲಿಸಲಿಲ್ಲ.

"ಕದ್ದಿದ್ದ್ಯೋ, ಇಲ್ಲೋ?"

"ಹೊಡದವರು ಅದನ್ನ ಕೇಳಲಿಲ್ರಿ ಅಕ್ಕಾರ."

ಅದು ನನ್ನ ಪ್ರಶ್ನೆಗೆ ಉತ್ತರವಲ್ಲ. ಅವತ್ತೂ ಅಲ್ಲ, ಇವತ್ತೂ ಅಲ್ಲ.

ಇನ್ನೊಂದು ಸಂಗತಿ. ಸ್ಪೀಕರ್ ಕೂಡಿಸಿದ ಮೇಲೆ ಎಲ್ಲರೂ ಸಿನೆಮಾ ಹಾಡು ಹಾಕಿ ನೋಡುತ್ತಾರೆ. ಇವನು ತನ್ನದೇ ಒಂದು ಕ್ಯಾಸೆಟ್ ಹಾಕಿ, ಗ್ಲಾಸು ಏರಿಸಿ, ಒಳಗೆ ಕಣ್ಣು ಮುಚ್ಚಿ ಕೂಡುತ್ತಿದ್ದ. ಹೊರಗೆ ಏನೂ ಕೇಳುತ್ತಿರಲಿಲ್ಲ. ಏನು ಕೇಳುತ್ತಾನೆ ಅಂತ ನನಗೆ ತಡೆಯಲಾಗಲಿಲ್ಲ. ಒಂದು ದಿನ ಸೀದಾ ಹೋಗಿ ಕಾರಿನ ಬಾಗಿಲು ತೆಗೆದೆ. ಒಳಗಿಂದ ಪಟ್ ಪಟ್ ಪಟ್ ಅಂತ ಸಪ್ಪಳ. ನಡುವೆ ಬಳೆಯ ಸಪ್ಪಳ. ಹಂಚಿನ ಮೇಲೆ ರೊಟ್ಟಿ ಹಾಕಿದ ಸಪ್ಪಳ. ನನ್ನದೇ. ನಾನು ರೊಟ್ಟಿ ಬಡಿಯುವುದನ್ನು ಕಿಟಕಿಯ ಹೊರಗೆ ಟೇಪು ಇಟ್ಟು ತುಂಬಿಕೊಂಡಿದ್ದ.

"ನನ್ನ ಕೇಳದ ನನ್ನ ಸಪ್ಪಳಾ ಯಾಕ ತುಂಬಿಕೊಂಡಿ? ಯಾರಿಗೆ ಮಾರ್ತಿ?"

"ಮಾರಾಕ ಅಲ್ರಿ. ಹಾಡಿನ್ಯಾಗ ಬಾಜಾ ಬಜಂತ್ರಿ ಎಲ್ಲಾ ಕೂಡಿರತಾವ, ಸ್ಪೀಕರ್ ಒಡದ್ರೂ ತಿಳ್ಯಂಗಿಲ್ಲ. ರೊಟ್ಟಿ ಸಪ್ಪಳಾ ದಿನಾ ಕೇಳತೇನಿ. ಸುಳ್ಳಾದ್ರ ತಟ್ಟನ ತಿಳೀತೈತಿ."

"ಕೆಡಿಸಿ ಬಿಡು ಅದನ್ನ."

"ಹೂನ್ರಿ," ಅಂದ. ಕೆಡಿಸಲಿಲ್ಲ.

ಅದೇ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಮಗಳು ಸುಜಾತಾ ಒಂದು ಚೀಲ ಹಿಡಿದು ಬಾಗಿಲಲ್ಲಿ ಬಂದು ನಿಂತಳು. ಅವಳನ್ನು ನವನಗರಕ್ಕೆ ಕೊಟ್ಟಿದ್ದೆ. ಬೀಗರದು ಕಾಳುಕಡಿಯ ಅಡತಿ ಅಂಗಡಿ, ಮಾವ ಇಲ್ಲ, ಅತ್ತೆಯದೇ ಕಾರಭಾರ. ಇದ್ದದ್ದು ಇಷ್ಟು: ನೆಂಟರ ಮದುವೆಗೆ ತಮ್ಮ ಕಾರಿನಲ್ಲಿ ಹೋಗಿ ಬರುವಾಗ ಬೀಗತಿಗೆ ಕಿವಿ ನೊಂದು ಒಂದು ಕಿವಿಯ ಬುಗುಡಿ ತೆಗೆದಳು. ಮೇಲ್ಗಿವಿಗೆ ಹಾಕುವ ಮುತ್ತಿನ ಬುಗುಡಿ, ಅವಳ ತಾಯಿಯದು. "ಹಿಡ್ಕೋ" ಅಂತ ಸೊಸೆಯ ಕೈಯಲ್ಲಿ ಕೊಟ್ಟಳು. ನನ್ನ ಮಗಳು ಗಾಳಿಗೆ ಗ್ಲಾಸು ಇಳಿಸಿ, ಬಾಗಿಲ ಮೇಲೆ ಕೈ ಇಟ್ಟು ಕುಳಿತವಳು ನಿದ್ದೆ ಹೋದಳು. ಮನೆ ಮುಟ್ಟಿದಾಗ ಕೈಯಲ್ಲಿ ಬುಗುಡಿ ಇಲ್ಲ. ಸೀಟು ಎತ್ತಿ ನೋಡಿದರು. ಕಾಲ ಕೆಳಗಿನ ಚಾಪೆ ಝಾಡಿಸಿದರು. ಸೊಸೆಯ ಸೀರೆಯನ್ನೂ ಝಾಡಿಸಿದರು. ಬರುವ ಹಾದಿಯಲ್ಲಿ ಬುಂದೆಯ ಗಂಟು ಕೊಡಲಿಕ್ಕೆ ಕಾರು ನನ್ನ ಖಾನಾವಳಿಯ ಮುಂದೆ ಒಂದು ಗಳಿಗೆ ನಿಂತಿತ್ತು. ಬೀಗತಿಗೆ ಅಷ್ಟು ಸಾಕಾಯಿತು.

"ಆವಾಗ ನಿಮ್ಮವ್ವನ ಕೈಯಾಗ ಕೊಟ್ಟಿ. ಬುಗುಡಿ ತಗೊಂಡ ಬಾ. ಇಲ್ಲಾಂದ್ರ ಬರಬ್ಯಾಡ."

ಹೀಗೆ ಹೇಳಿ ಕಳಿಸಿದ್ದಳು. ಹಿರಿಯರನ್ನು ಕೂಡಿಸಿದೆ. ಅವರು ಬೀಗರ ಮನೆಯ ಚಹಾ ಕುಡಿದು ಬಂದು, "ಹುಡುಗಿ ಗುಡಿಯೊಳಗ ಆಣಿ ಮಾಡಲಿ" ಅಂದರು. ನಾನು ಒಪ್ಪಲಿಲ್ಲ. ಕದ್ದವಳೂ ಆಣೆ ಮಾಡುತ್ತಾಳೆ, ಕದಿಯದವಳೂ ಮಾಡುತ್ತಾಳೆ. ಅದರಿಂದ ನನ್ನ ಮಗಳು ಕಳ್ಳಿಯಲ್ಲ ಅಂತ ಯಾರು ನಂಬುತ್ತಾರೆ?

ಸುಜಾತಾ ಅಳಲಿಲ್ಲ. ಕೈಕಾಲು ತೊಳೆದು ಒಲೆಯ ಮುಂದೆ ಕುಳಿತು ನನ್ನ ಜೋಡಿ ರೊಟ್ಟಿ ಬಡಿಯಲಿಕ್ಕೆ ಹತ್ತಿದಳು. ಉಣ್ಣಲಿಕ್ಕೆ ಬಂದವರಲ್ಲಿ ಒಬ್ಬಿಬ್ಬರು ಅವಳ ಕಿವಿ ನೋಡುತ್ತಿದ್ದರು. ಬುಗುಡಿ ಇದೆಯೋ ಅಂತ.

ಒಂದು ಮಧ್ಯಾಹ್ನ ಮಂದಿ ಕರಗಿದ ಮೇಲೆ ಈ ಮನುಷ್ಯ ಉಣ್ಣುತ್ತಿದ್ದ. ಯಾವತ್ತೂ ಗೋಡೆಗೆ ಮುಖ ಮಾಡಿ ಉಣ್ಣುವವನು ಅವತ್ತು ತಿರುಗಿ ಕುಳಿತಿದ್ದ.

"ತಂಗೀ, ಕಾರಿನ್ಯಾಗ ಯಾವ ಬಾಗಲದ ಕಡೆ ಕುಂತಿದ್ದಿ?"

"ಹಿಂದ, ಎಡಗಡೆ," ಅಂದಳು ಸುಜಾತಾ.

"ಗ್ಲಾಸು ಪೂರಾ ಇಳಿದಿತ್ತೇನು?"

"ಹೂಂ."

ಅವನು ತನ್ನ ಬೆರಳು ನೋಡಿಕೊಂಡ. ಮತ್ತೆ ಉಣ್ಣಲಿಕ್ಕೆ ಹತ್ತಿದ. ಬಾಗಿಲು! ದಿನಾ ಬಾಗಿಲು ಬಿಚ್ಚುವುದನ್ನು ನೋಡುವ ನನಗೇ ಹೊಳೆದಿರಲಿಲ್ಲ. ಬುಗುಡಿ ಆ ಬಾಗಿಲ ಹೊಟ್ಟೆಯಲ್ಲಿದೆ. ಆದರೆ ನನಗಿಂತ ಮೊದಲು ಇವನಿಗೆ ಹೊಳೆಯಿತಲ್ಲ? ಬಂಗಾರದ ವಾಸನೆ ಇವನ ಮೂಗಿಗೆ ಹತ್ತಿತು ಅಂದುಕೊಂಡೆ.

ನವನಗರಕ್ಕೆ ಹೋಗಿ ಬೀಗತಿಗೆ ಹೇಳಿದೆ. "ಬಾಗಲಾ ಬಿಚ್ಚಿಸಿ ನೋಡ್ರಿ."

"ನಿಮ್ಮ ಮಾತ ಕೇಳಿ ನಮ್ಮ ಕಾರ್ ಹರೀಬೇಕೇನು? ಬಿಚ್ಚಾಂವ ಯಾರು, ನಿಮ್ಮ ಗಿಡದ ಬುಡಕ ಕುಂತಾಂವೇನು? ನೀವ ಕೊಟ್ಟು, ಆಂವಾ ಅದರಾಗ ಒಗದು, ಸಿಕ್ತ್ರಿ ಅಂತ ತೋರಿಸಾಕ?"

ನಾನು ಎದ್ದು ಬಂದೆ. ಅನುಮಾನ ಮಾಡುವುದರಲ್ಲಿ ಅವಳು ನನಗಿಂತ ಕಡಿಮೆಯವಳಲ್ಲ. ನನಗೂ ಬೇರೆ ದಾರಿ ಕಾಣಲಿಲ್ಲ. ಬೇರೆ ಕಡೆ ಬಿಚ್ಚಿದರೆ ಯಾರೋ ಮೆಕ್ಯಾನಿಕ್ ನುಂಗುತ್ತಾನೆ. ಇಲ್ಲಿ ಬಿಚ್ಚಿದರೆ ಇವನು ನುಂಗುತ್ತಾನೆ, ಇಲ್ಲವೆ ನಾನೇ ಇಡಿಸಿದೆ ಅನ್ನುತ್ತಾರೆ. ನನ್ನ ಮಗಳ ಮಾನ ಆ ತಗಡಿನ ಬಾಗಿಲೊಳಗೆ ಕುಳಿತಿತ್ತು, ತೆಗೆಯುವವರು ಇರಲಿಲ್ಲ.

ಹೀಗಿರುವಾಗ ಒಂದು ದಿನ ಮಧ್ಯಾಹ್ನ, ಖಾನಾವಳಿ ತುಂಬಿದ್ದಾಗ, ಅಳಿಯ ಕಾರು ತಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿದ. ಬಾಗಿಲಿಗೆ ಸ್ಪೀಕರ್ ಹಾಕಿಸಬೇಕಂತೆ. ಹುಬ್ಬಳ್ಳಿಯಲ್ಲಿ ಬೇರೆ ಯಾರೂ ಇರಲಿಲ್ಲವಂತೆ. ಹೆಂಡತಿಯ ಮುಖ ನೋಡಲಿಕ್ಕೆ ಬಂದನೋ, ಅವಳ ಕಿವಿ ನೋಡಲಿಕ್ಕೆ ಬಂದನೋ, ಈ ಗಿಡದ ಕೆಳಗಿನವನೇ ಯಾರ ಕೈಲಾದರೂ ಹೇಳಿ ಕಳಿಸಿ ಕರೆಸಿದನೋ, ಇವತ್ತಿಗೂ ತಿಳಿದಿಲ್ಲ. ಆಮೇಲೆ ಕೇಳಿದಾಗ "ಬಂದಾರಲ್ರಿ" ಅಂದ, ಅಷ್ಟೇ. ಅಳಿಯ ಒಳ್ಳೆಯವನೋ ಕೆಟ್ಟವನೋ ಹೇಳುವುದೂ ಕಷ್ಟವಿತ್ತು. ತಾಯಿಯ ಮುಂದೆ ಅವನು ಎರಡೂ ಆಗಿರುತ್ತಿರಲಿಲ್ಲ.

ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತೆ. ಉಣ್ಣುವವರಲ್ಲಿ ಕೆಲವರು ತಾಟು ಹಿಡಿದುಕೊಂಡೇ ಕಟ್ಟೆಗೆ ಬಂದರು. ಇವನು ಎಡಗಡೆಯ ಹಿಂದಿನ ಬಾಗಿಲಿಗೆ ಕಿವಿ ಹಚ್ಚಿ ತಟ್ಟಿದ. ರಟ್ಟು ಬಿಚ್ಚಿದ. ಕೆಂಪು ಅರಿವೆ ಹಾಸಿದ. ಆಮೇಲೆ ಯಾವತ್ತೂ ಮಾಡದ್ದನ್ನು ಮಾಡಿದ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಸಾವ್ಕಾರ್ರ, ಇವತ್ತ ನಾ ಕೈ ಹಾಕಂಗಿಲ್ರಿ. ನೀವ ಹಾಕ್ರಿ."

"ನಂಗೇನು ಗೊತ್ತಾಕ್ಕೈತಿ? ನಿನ್ನ ಕೆಲಸಾ ಅದು."

"ತಳಕ್ಕ ಕೈ ಆಡಸ್ರಿ. ಸಿಕ್ಕಿದ್ದು ಅರಿಬಿ ಮ್ಯಾಲೆ ಇಡ್ರಿ."

ಅಳಿಯ ಅಂಗಿಯ ತೋಳು ಏರಿಸಿ ಕೈ ಹಾಕಿದ. ಒಂದು ನಾಣ್ಯ ಬಂತು. ಒಂದು ಹೇರ್‌ಪಿನ್ನು ಬಂತು. ಮತ್ತೆ ಕೈ ಹಾಕಿದವನು ಹಾಗೇ ನಿಂತುಬಿಟ್ಟ. ಕೈಯೂ ಹೊರಗೆ ಬರಲಿಲ್ಲ, ಮುಖವೂ ಮೇಲೇಳಲಿಲ್ಲ.

"ತಗೀರಿ," ಅಂದ ಇವನು.

ಬುಗುಡಿ ಬಂತು. ಮುತ್ತಿಗೆ ಕರಿಯ ಗ್ರೀಸು ಮೆತ್ತಿತ್ತು.

ಇವನು ಬೆರಳು ಮಾಡಿ ಒಂದೊಂದಾಗಿ ಕೇಳಿದ. ನಾಣ್ಯ ನಿಮ್ಮದೇನ್ರಿ? ಹೂಂ. ಪಿನ್ನು ನಿಮ್ಮ ಮನಿಯವರದೇನ್ರಿ? ಹೂಂ. ಇದು?

ಅಳಿಯ ನನ್ನನ್ನು ನೋಡಿದ. ಕಟ್ಟೆಯ ಮೇಲಿನ ಮಂದಿಯನ್ನು ನೋಡಿದ. ಹೂಂ ಅಂದರೆ ಅವನ ತಾಯಿ ಊರ ಮುಂದೆ ಸುಳ್ಳಿ ಆಗುತ್ತಾಳೆ. ಅದು ಅವನ ಮುಖದ ಮೇಲೆ ಬರೆದ ಹಾಗೆ ಕಾಣುತ್ತಿತ್ತು.

"ಅಲ್ಲ," ಅಂದ. "ನಮ್ಮದಲ್ಲ. ಹಳೇ ಕಾರು. ಮೊದಲಿನ ಮಾಲಕರದ ಇರಬೇಕು."

ಒಳಗೆ ಸುಜಾತಾ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಇಲ್ಲಿ ಬರೆಯುವಂಥ ಮಾತಲ್ಲ ಅವು. ಇವನು ಬುಗುಡಿಯನ್ನು ಅರಿವೆಯ ತುದಿಯಿಂದ ಹಿಡಿದು ಡಬ್ಬಿಗೆ ಹಾಕಿದ, ಗಿಡಕ್ಕೆ ತೂಗುಬಿಟ್ಟ. ಏನೂ ಆಗದವರ ಹಾಗೆ ಸ್ಪೀಕರ್ ಕೂಡಿಸಿದ, ಗ್ಲಾಸು ಇಳಿಸಿ ಏರಿಸಿ ನೋಡಿದ. ಆಮೇಲೆ ತನ್ನ ಕ್ಯಾಸೆಟ್ ಹಾಕಿದ. ಅವತ್ತು ಗ್ಲಾಸು ಇಳಿಸಿಯೇ ಇಟ್ಟ. ಒಲೆಯ ಮುಂದೆ ಸಪ್ಪಳ ಇಲ್ಲ, ಕಾರಿನ ಬಾಗಿಲಿಂದ ರೊಟ್ಟಿ ಬಡಿಯುವ ಸಪ್ಪಳ. ಪಟ್ ಪಟ್ ಪಟ್. ಅಳಿಯ ಕಾರಿನ ಮೇಲೆ ಕೈ ಇಟ್ಟು ನೆಲ ನೋಡುತ್ತ ನಿಂತಿದ್ದ.

ಅವನು ಹೋದ ಮೇಲೆ ನಾನು ಇವನ ಮೇಲೆ ಬಿದ್ದೆ.

"ಕೊಡಿಲ್ಲೆ ಬುಗುಡಿ. ನಾ ತಗೊಂಡ ಹೋಗಿ ಆಕಿ ಮಾರಿಗೆ ಒಗೀತೇನಿ."

"ಕೊಡಂಗಿಲ್ರಿ."

"ಯಾಕ? ನಿನಗ ಬೇಕೇನು?"

"ಅಕ್ಕಾರ, ನಿಮ್ಮ ಕೈಯಾಗ ಬಂತಂದ್ರ ಏನಾಕ್ಕೈತಿ ನೋಡ್ರಿ. ಬುಗುಡಿ ಇವರ ಮನ್ಯಾಗ ಇತ್ತು ಅಂತಾರ. ಅವರು ಅಂದಿದ್ದು ಖರೇ ಆಕ್ಕೈತಿ."

ಮಾತು ಸರಿಯಾಗಿತ್ತು. ಸರಿಯಾದ ಮಾತು ಆಡುವವರೇ ಮೋಸ ಮಾಡುವುದನ್ನೂ ನಾನು ಕಂಡಿದ್ದೇನೆ. ಆವತ್ತಿನಿಂದ ಗಳಿಗೆಗೊಮ್ಮೆ ಹೊರಗೆ ಬಂದು ಡಬ್ಬಿ ನೋಡಿ ಹೋಗುತ್ತಿದ್ದೆ. ಸುಜಾತಾ ಮಾತ್ರ ಒಮ್ಮೆಯೂ ನೋಡಲಿಲ್ಲ. "ಬುಗುಡಿದ ನಂಗೇನೂ ಇಲ್ಲಬೇ," ಅಂದಳು. "ತಮ್ಮ ಕೈಲೆ ತಗದು ನಮ್ಮದಲ್ಲ ಅಂದ್ರಲ್ಲ, ಅದು ನಂಗ ಅಂದಂಗ ಆತು."

ನಾಲ್ಕಾರು ದಿನಕ್ಕೆ ಅಳಿಯ ನಡೆದುಕೊಂಡು ಬಂದ. ನಸುಕಿನಲ್ಲಿ, ಯಾರೂ ಇಲ್ಲದಾಗ. ನಾನು ಗೋಡೆಯ ಈಚೆ ಮೆಣಸಿನಕಾಯಿ ಹರವುತ್ತಿದ್ದೆ.

"ಕಾಕಾ, ಅದನ್ನ ಕೊಟ್ಟುಬಿಡ್ರಿ. ನಮ್ಮದ ಐತಿ. ಅವ್ವಗ ಗೊತ್ತಾಗೇತಿ."

"ನಿಮ್ಮದಾದ್ರ ಕೊಡ್ತೇನ್ರಿ. ಮಧ್ಯಾಹ್ನ ಬರ್ರಿ, ಅರಿಬಿ ಹಾಸತೇನಿ. ನಾಕು ಮಂದಿ ಮುಂದ ಅಲ್ಲ ಅಂದೀರಿ. ಹೌದನ್ನೂದೂ ಅಲ್ಲೇ."

"ಈಗ ಯಾರು ನೋಡ್ತಾರ? ನಿಮಗೂ ಏನರ..."

"ಕಿಸೆ ಇಲ್ರಿ ನನಗ," ಅಂದ.

ಒಂದೋ ಇವನು ನೆಟ್ಟಗಿದ್ದಾನೆ, ಇಲ್ಲ ಇನ್ನೂ ದೊಡ್ಡದಕ್ಕೆ ಕಾಯುತ್ತಿದ್ದಾನೆ ಅಂದುಕೊಂಡೆ.

ಮಧ್ಯಾಹ್ನ ಕಾರು ಬಂತು. ಬೀಗತಿಯೇ ಇಳಿದಳು. ಸೊಸೆಗಾಗಿ ಬಂದಳು ಅಂತ ನಾನು ಹೇಳುವುದಿಲ್ಲ. ತಾಯಿಯ ಬುಗುಡಿ ಬೇವಿನ ಗಿಡಕ್ಕೆ ನೇತಾಡುತ್ತಿದೆ ಅಂತ ಗೊತ್ತಾದ ಮೇಲೆ ಮನೆಯಲ್ಲಿ ಕೂಡಲಿಕ್ಕೆ ಆಗಿರಲಿಲ್ಲ ಅವಳಿಗೆ. ಮಗ ಹಿಂದೆ ನಿಂತಿದ್ದ. ಸ್ಪೀಕರಿನವನು ಅರಿವೆಯನ್ನು ಗಿಡದ ಕೆಳಗೆ ಹಾಸಲಿಲ್ಲ, ಖಾನಾವಳಿಯ ಕಟ್ಟೆಯ ಮೇಲೆ ಹಾಸಿದ. ಡಬ್ಬಿಯಿಂದ ಬುಗುಡಿ ತೆಗೆದು ನಡುವೆ ಇಟ್ಟ.

"ಯಾರ್ದ್ರಿ ಇದು?"

ಬೀಗತಿ ಸೆರಗಿನ ಗಂಟು ಬಿಚ್ಚಿ, ಜೋಡಿಯ ಇನ್ನೊಂದು ಬುಗುಡಿಯನ್ನು ಅದರ ಪಕ್ಕಕ್ಕೆ ಇಟ್ಟಳು. "ನಂದು," ಅಂದಳು. ತುಟಿ ಅಷ್ಟೇ ಅಲುಗಿತು.

"ಒಳಗ ರೊಟ್ಟಿ ಬಡಿಯಾಕತ್ತಾರ್ರಿ. ಕೇಳಿಸವಲ್ದು."

ಕಟ್ಟೆಯ ಮೇಲೆ ಕುಳಿತ ಲಾರಿಯವನೊಬ್ಬ, "ನಮಗೂ ಕೇಳಲಿಲ್ರಿ ಅಮ್ಮಾರ" ಅಂದ. ಯಾರೋ ನಕ್ಕರು. ಬೀಗತಿಯ ಮುಖ ಕೆಂಪೇರಿತು. ಆದರೆ ಕಣ್ಣು ಬುಗುಡಿಯ ಮೇಲೇ ಇತ್ತು.

"ನಂದು ಅಂದ್ನೆಲ್ಲ! ಬಾಗಲದಾಗ ಬಿದ್ದಿತ್ತು. ಸೊಸಿ ತಗೊಂಡಿಲ್ಲ. ಅವರವ್ವಾನೂ ತಗೊಂಡಿಲ್ಲ. ಸಾಕೇನು?"

ಸುಜಾತಾ ಹೊರಗೆ ಬಂದಳು. ಮೊಣಕೈತನಕ ಹಿಟ್ಟು. ಅತ್ತೆಯನ್ನು ನೋಡಿ, "ನಿಮ್ಮದ ಮುಗೀತ್ರಿ ಅತ್ತಿ. ತಗೋರಿ," ಅಂದಳು. ಆಮೇಲೆ ಗಂಡನ ಕಡೆ ತಿರುಗಿದಳು. "ಇವರದ ಮುಗದಿಲ್ಲ."

ಅರಿವೆ ಮಡಚಲಿಕ್ಕೆ ಹೋಗಿದ್ದ ಇವನು ಕೈ ಹಿಂದಕ್ಕೆ ತೆಗೆದುಕೊಂಡ. ಅಳಿಯ ಮುಂದೆ ಬಂದ. ಎಲ್ಲರೂ ನೋಡುತ್ತಿದ್ದರು.

"ನಮ್ಮದ ಇತ್ತು," ಅಂದ. "ಕೈಗೆ ಸಿಕ್ಕ ಕೂಡಲೆ ಗುರ್ತ ಹಿಡದಿದ್ದೆ. ಸುಳ್ಳ ಹೇಳಿದೆ."

"ಜೋರಾಗಿ ಹೇಳೂದು ಬ್ಯಾಡ. ನಂಗ ಕೇಳಿಸ್ತು," ಅಂದಳು ನನ್ನ ಮಗಳು. "ಕಾರಿನ್ಯಾಗ ಬರಂಗಿಲ್ಲ ನಾ. ಸಂಜೀಕ ಬಸ್ಸಿಗೆ ಬರ್ರಿ ಕರ್ಯಾಕ. ಈಗ ರೊಟ್ಟಿ ಅದಾವ."

ಅಳಿಯ ಸಂಜೆ ಬಸ್ಸಿಗೆ ಬಂದ. ಚೀಲ ಅವನೇ ಹೊತ್ತ. ಅವಳು ಹೋದಳು. ನಾನು ತಡೆಯಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಈಗ ಅವಳಿಗೆ ಇಬ್ಬರು ಮಕ್ಕಳು, ಇಬ್ಬರೂ ದೊಡ್ಡವರು. ಬೀಗತಿ ಸತ್ತಾಗ ಆ ಎರಡೂ ಬುಗುಡಿ ಅವಳಿಗೇ ಬಂದವು. ಹಾಕಿಕೊಳ್ಳುವುದಿಲ್ಲ.

ಈ ಮನುಷ್ಯ ಮುಂದೆ ಎಷ್ಟೋ ವರ್ಷ ಗಿಡದ ಕೆಳಗೆ ಇದ್ದ. ಆಮೇಲೆ ಕಂಪನಿಯಿಂದಲೇ ಬಾಗಿಲಲ್ಲಿ ಸ್ಪೀಕರ್ ಕೂಡಿಸಿ ಕಾರು ಬರಲಿಕ್ಕೆ ಹತ್ತಿದವು. ಇವನ ಬಳಿ ಬರುವವರು ಕಡಿಮೆಯಾದರು. ಒಂದು ದಿನ ಪೆಟ್ಟಿಗೆ ಕಟ್ಟಿಕೊಂಡು "ಬರತೇನ್ರಿ ಅಕ್ಕಾರ" ಅಂದ. ಎಲ್ಲಿಗೆ ಅಂದರೆ "ಬ್ಯಾರೆ ಊರಿಗ್ರಿ" ಅಂದ. ಬಂದಾಗ ಎಷ್ಟು ತಿಳಿದಿತ್ತೋ ಹೋಗುವಾಗಲೂ ಅಷ್ಟೇ ತಿಳಿದಿತ್ತು ನನಗೆ. ಹೊಡೆಸಿಕೊಂಡದ್ದು ಯಾತಕ್ಕೆ, ಅಳಿಯನನ್ನು ಕರೆಸಿದ್ದು ಇವನೋ ಅಲ್ಲವೋ, ಒಂದೂ ಗೊತ್ತಾಗಲಿಲ್ಲ. ಸತ್ತಿದ್ದಾನೆ ಅನ್ನುತ್ತಾರೆ. ಇರಬಹುದು.

ಮಗಳು ಹೋದ ಮರುದಿನ ಮುಂಜಾನೆ, ಇವನು ಬರುವ ಮೊದಲು, ನಾನು ಗಿಡದ ಆಚೆ ಮಗ್ಗುಲಿಗೆ ಹೋಗಿ ಡಬ್ಬಿ ಇಳಿಸಿದೆ. ಪೊಟರೆಯಲ್ಲಿದ್ದ ಅವನ ಕೆಂಪು ಅರಿವೆ ಹಾಸಿ ಅದರ ಮೇಲೆ ಸುರುವಿದೆ. ಚಿಲ್ಲರೆ, ಹಣಿಗೆಯ ಹಲ್ಲು, ಗುಂಡಿ, ಯಾರದೋ ಬೀಗದ ಕೈ, ಒಂದು ಗೆಜ್ಜೆಯ ಗುಂಡು. ಒಂದೊಂದನ್ನೇ ತಿರುವಿ ನೋಡುತ್ತಿದ್ದೆ. ತಲೆ ಎತ್ತಿದರೆ ಇವನು ಎದುರಿಗೆ ನಿಂತಿದ್ದ, ಕಿವಿಯ ಮೇಲೆ ಬೀಡಿ.

ಬೈಯಲಿಲ್ಲ. ಕುಕ್ಕರಗಾಲಲ್ಲಿ ಕುಳಿತ. ಅರಿವೆಯ ಕಡೆ ಬೆರಳು ಮಾಡಿದ.

"ನಿಮ್ಮದೇನರ ಐತೇನ್ರಿ ಅಕ್ಕಾರ ಇದರಾಗ?"

"ಇಲ್ಲ," ಅಂದೆ.

ಎಲ್ಲವನ್ನೂ ಡಬ್ಬಿಗೆ ತುಂಬಿದೆ. ಒಳಗೆ ಹೋಗಿ ಒಂದು ಮೊಳೆ, ಒಂದು ಕಲ್ಲು ತಂದೆ. ಮೊಳೆಯನ್ನು ಗಿಡದ ಈಚೆ ಮಗ್ಗುಲಿಗೆ, ನನ್ನ ಕಿಟಕಿಯ ನೇರಕ್ಕೆ ಹೊಡೆದೆ. ಡಬ್ಬಿಯನ್ನು ಅಲ್ಲಿ ತೂಗುಬಿಟ್ಟು, ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕುಳಿತು ನೋಡಿದೆ. ಪೂರಾ ಕಾಣುತ್ತಿತ್ತು. ಹಿಟ್ಟು ನಾದಿ ರೊಟ್ಟಿ ಬಡಿಯಲಿಕ್ಕೆ ಹತ್ತಿದೆ.